ಹಾಡುತ್ತಿದ್ದ ಬೇಲಿ

ಗೆಳೆಯರೇ, ಹಳೆಯ ರೇಡಿಯೋ ಟವರುಗಳಿದ್ದ ಜಾಗ ಹುಡುಕುವ ಹುಚ್ಚು ಇವತ್ತು ನನ್ನನ್ನು ಪುಂಜಾಲಕಟ್ಟೆ ಹತ್ತಿರದ ಗುಡ್ಡಕ್ಕೆ ಕರೆದೊಯ್ದಿತು. ಹುಲ್ಲಿನ ನಡುವೆ ಟವರಿನ ಕಾಂಕ್ರೀಟ್ ಬುಡವಷ್ಟೇ ಉಳಿದಿತ್ತು. ಪಕ್ಕದ ಮನೆಯ ಐಸಮ್ಮ ಅದರ ಮೇಲೆ ಕಾಳುಮೆಣಸು ಒಣಗಿಸುತ್ತಿದ್ದರು.

"ಟವರ್ ಇದ್ದಾಗ ನಮ್ಮ ತಂತಿಬೇಲಿ ಸಣ್ಣ ಸ್ವರದಲ್ಲಿ ಹಾಡ್ತಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ ಮಾರಾಯ್ರೇ," ಎಂದರು.

"ಟವರಿನ ಹತ್ತಿರ ತುಕ್ಕು ಹಿಡಿದ ತಂತಿ ರೇಡಿಯೋ ಅಲೆಗಳನ್ನು ಹಿಡಿದು ಹಾಗೆ ಹಾಡುವುದುಂಟು," ಎಂದೆ.

ಅವರ ಕಣ್ಣು ತುಂಬಿತು. ಇಬ್ಬರೂ ಬೇಲಿಗೆ ಕಿವಿಯಿಟ್ಟು ಬಹಳ ಹೊತ್ತು ನಿಂತೆವು. ಗಾಳಿಯ ಸದ್ದು ಮಾತ್ರ ಇತ್ತು.

ಆಮೇಲೆ ಐಸಮ್ಮ ಮೂಡುಬಿದಿರೆಯಲ್ಲಿರುವ ಮಗಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಎಲ್ಲವನ್ನೂ ವಿವರಿಸಿದೆ.

ಮಗಳು ಮೆಲ್ಲಗೆ ಕೇಳಿದಳು: "ಸರ್, ನಿಮಗೂ ಬೇಲಿ ಮಾತಾಡ್ತದಾ?"