ಅತ್ತೆಯ ಮದುವೆ ಕ್ಯಾಸೆಟ್ ಕೆಡಿಸಿದ್ದು ಯಾರು?

ಮಗು ಮಲಗಿದರೂ ನನಗೆ ನಿದ್ದೆಯಿಲ್ಲ. ಸೋದರತ್ತೆಯ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಕೂತರೆ, ಚಿತ್ರದ ತುಂಬ ಅವೇ ಬಿಳಿ ಗೆರೆಗಳು.

ನನ್ನ ಚಿಕ್ಕಂದಿನಲ್ಲಿ ಮಾರಂಡಹಳ್ಳಿಯ ನಮ್ಮ ಮನೆಯಲ್ಲಿ ಆಯುಧಪೂಜೆಯೆಂದರೆ ಟಿವಿ, ಮಿಕ್ಸಿ ಎಲ್ಲಕ್ಕೂ ಬೊಟ್ಟು. ಒಂದು ವರ್ಷ ಅಜ್ಜಿ ಈ ಕ್ಯಾಸೆಟ್ ತೋರಿಸಿ, "ಅದ್ಕೂ ಇಕ್ಕು ಲೇ, ಅದೂ ಮಿಷಿನ್ ಸಾಮಾನೇ" ಅಂದಳು. ದೇವರಿಗೆ ಚೆನ್ನಾಗಿ ಕಾಣಲೆಂದು ನಾನು ಅದರ ಮುಚ್ಚಳ ಎತ್ತಿ ಕುಂಕುಮ ಇಟ್ಟೆ.

ಮರುದಿನ ಪಕ್ಕದ ಮನೆಯ ಸೆಲ್ವಿ ಅಕ್ಕ ಅದನ್ನು ಒಯ್ದು, ನೋಡಿ, ತಂದುಕೊಟ್ಟಳು. ಆಮೇಲೆ ನಾವು ಹಾಕಿದರೆ ಗೆರೆ.

"ಇವ್ಳೇ ಏನೋ ಮಾಡವ್ಳೆ. ಮೊಕ ನೋಡಿದ್ರೇ ತಿಳಿಯಾಕಿಲ್ವಾ?" ಅಂದಳು ಅಜ್ಜಿ.

"ಸತ್ಯವಾಗ್ಲೂ ಒಂದೇ ಸಲ ಓಡ್ಸಿದ್ದು, ಪಾಟಿ. ಆಗ್ಲೇ ಗೆರೆ ಇತ್ತು!" ಅಂದಳು ಸೆಲ್ವಿ ಅಕ್ಕ; ಅಜ್ಜಿಯನ್ನು ಅವಳು ತಮಿಳಿನಲ್ಲಿ ಪಾಟಿ ಎಂದೇ ಕರೆಯುತ್ತಿದ್ದಳು.

ಯಾರೂ ನಂಬಲಿಲ್ಲ. ಅವರ ವಿಡಿಯೋ ಡೆಕ್ಕಿನಲ್ಲಿ ಧೂಳಿದೆಯಾ ಎಂದು ನಾನು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದೆ. ಸೆಲ್ವಿ ಅಕ್ಕ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ.

ಚಿತ್ರ ಚೆನ್ನಾಗಿ ಬರಬೇಕಾದರೆ ಮೊದಲು ಟೇಪನ್ನೇ ಪರೀಕ್ಷಿಸಿ ಎಂದು ಈ ಆನ್‌ಲೈನ್ ಗುಂಪಿನಲ್ಲಿ ಯಾರೋ ಬರೆದಿದ್ದರು. ಈಗ ಮುಚ್ಚಳ ಎತ್ತಿದೆ. ಟೇಪಿನ ಅಂಚಿನುದ್ದಕ್ಕೂ ಕೆಂಪು ಪುಡಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯೂ ಕೆಂಪಾಯಿತು.

ಸೆಲ್ವಿ ಅಕ್ಕ ಈಗ ಎಲ್ಲಿದ್ದಾಳೆ, ನಮ್ಮ ಊರಿನವರು ಯಾರಾದರೂ ಹೇಳುತ್ತೀರಾ?