ಡಾಕ್ಟರ ಸ್ವರದಲ್ಲಿ ಬಂದ ತಾಟಿನುಂಗು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ತಾಟಿನುಂಗಿನದ್ದಲ್ಲ, ಅದನ್ನು ತಂದ ಅಜ್ಜಿಯದ್ದೂ ಅಲ್ಲ. ನನ್ನ ಗಂಟಲಿನದ್ದು. ಯಾರ ಸ್ವರವಾದರೂ ಒಮ್ಮೆ ಕೇಳಿದರೆ ಸಾಕು, ನನ್ನೊಳಗೆ ಹೊಕ್ಕು ಕೂರುತ್ತದೆ. ನನ್ನ ಸ್ವಂತ ಸ್ವರ ಯಾವುದೆಂದು ಮನೆಯವರಿಗೇ ಅನುಮಾನ.

ಅಕ್ಕನ ಮಗುವಿಗೆ ಆರು ತಿಂಗಳು ತುಂಬಿ, ರಾಗಿ ಮಣ್ಣಿ ಒಗ್ಗಿತ್ತು. ಇನ್ನು ಹಣ್ಣು ಕೊಡಬಹುದೇ ಎಂದು ಕೇಳಲು ಮಣಿಪಾಲದ ಮಕ್ಕಳ ಡಾಕ್ಟರ ಬಳಿ ಹೋದೆವು. ಅವರು ಹೇಳಿದ್ದನ್ನೆಲ್ಲ ಅಕ್ಕ ಕೇಳಿಸಿಕೊಳ್ಳುತ್ತಿದ್ದಳು. ನಾನು, ಡಾಕ್ಟರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎರಡು ಸಲ ಕೆಮ್ಮಿ ಮಾತು ಶುರುಮಾಡುವ ಚೆಂದವನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ.

ಕಾಪುವಿನ ಮನೆಗೆ ಬರುವಷ್ಟರಲ್ಲಿ ಕಾರ್ಕಳದಿಂದ ಅಜ್ಜಿಯ ಫೋನು. "ಡಾಕ್ಟರು ಎಂತ ಹೇಳಿದ್ರು ಮಗಾ?"

ಎರಡು ಸಲ ಕೆಮ್ಮಿದೆ. "ನೋಡಿ ಅಮ್ಮಾ, ಮೆತ್ತಗಿನ ಹಣ್ಣು ಯಾವುದಾದರೂ ಕೊಡಬಹುದು. ಹೆದರಿಕೆ ಬೇಡ."

ಅಜ್ಜಿ ನಗುತ್ತಲೇ ಫೋನ್ ಇಟ್ಟರು. ಮರುದಿನ ಬಸ್ಸಿಳಿದವರು ಹೆದ್ದಾರಿ ಬದಿಯಲ್ಲಿ ತಾಳೆಕಾಯಿ ಕೊಚ್ಚಿ ತೆಗೆದ ತಾಟಿನುಂಗು ಕೊಂಡೇ ಬಂದರು. ಇದಕ್ಕಿಂತ ಮೆತ್ತಗಿನದು ಬೇರೆ ಎಂತ ಉಂಟು? ಸಿಪ್ಪೆ ಸುಲಿದು ತುಂಡು ಮಾಡಿ, ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡರು. ಮಗು ಬಾಯಿ ತೆರೆಯಿತು. ಪಕ್ಕದಲ್ಲಿ ಕುಳಿತ ನಾನು ಅದನ್ನೂ ಅಣಕಿಸುತ್ತಿದ್ದೆ.

ಅಡುಗೆಮನೆಯಿಂದ ಓಡಿಬಂದ ಅಕ್ಕ ಅಜ್ಜಿಯ ಕೈ ಹಿಡಿದೇಬಿಟ್ಟಳು. "ಬೇಡ ಅಜ್ಜೀ! ಅದು ಜಾರ್ತದೆ. ಸೀದಾ ಗಂಟಲಿಗೆ ಹೋಗಿ ಕೂತರೆ ಉಸಿರೇ ಕಟ್ತದೆ."

"ಡಾಕ್ಟರೇ ಹೇಳಿದ್ದಂತೆ ಅಲ್ವಾ?"

"ನೆಟ್ಟಗೆ ಕೂರಿಸಿ, ನುಣ್ಣಗೆ ಹಿಸುಕಿ, ಚಮಚದ ತುದಿಯಲ್ಲಿ ಸ್ವಲ್ಪವೇ ಕೊಡಿ ಅಂದದ್ದು. ಒಂದು ಹಣ್ಣು ಒಗ್ಗಿದ ಮೇಲೆ ಇನ್ನೊಂದು. ಇವನು ಅರ್ಧಕ್ಕೇ ಭಾಷಣ ಮುಗಿಸಿದ್ದಾನೆ."

ಅಜ್ಜಿ ತುಂಡನ್ನು ತಟ್ಟೆಗೇ ಹಾಕಿದರು. ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ.

ಅಕ್ಕ ಕಳಿತ ಕದಳಿ ಬಾಳೆಹಣ್ಣನ್ನು ಗಂಟಿಲ್ಲದಂತೆ ಹಿಸುಕಿದಳು. ಮಗುವನ್ನು ತನ್ನ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡು ಚಮಚವನ್ನು ಅಜ್ಜಿಗೇ ಕೊಟ್ಟಳು. ಮೊದಲ ತುತ್ತಿಗೆ ಮಗು ಹುಣಸೆಹುಳಿ ತಿಂದಂತೆ ಮುಖ ಮಾಡಿತು. ಎರಡನೆಯದಕ್ಕೆ ತಾನೇ ಮುಂದೆ ಬಾಗಿತು. ಅಜ್ಜಿ ಮೂರನೆಯದನ್ನು ಚಮಚದ ತುದಿಗೆ ತೆಗೆದುಕೊಂಡರು.

ತಾಟಿನುಂಗು ನನ್ನ ಪಾಲಿಗೆ ಬಂತು. ಒಂದು ತುಂಡು ಒಳಗೆ ಹೋದದ್ದೇ ನನಗೆ ಮತ್ತೆ ಧೈರ್ಯ.

"ಆದರೂ ಅಜ್ಜಿ, ಸ್ವರ ಡಾಕ್ಟರದ್ದೇ ಇತ್ತು ಅಲ್ವಾ?"

ಅಜ್ಜಿ ಚಮಚದಿಂದ ಕಣ್ಣು ತೆಗೆಯಲಿಲ್ಲ.

"ಸ್ವರ ಡಾಕ್ಟರದ್ದೇ ಮಾರಾಯ, ಅರ್ಧವೇ ಕೇಳಿದ ಕಿವಿ ಮಾತ್ರ ನಿನ್ನದು."