ಬೊಂಬೆ ಕನ್ನಡದಲ್ಲಿ ಕಿರುಚಿದಾಗ

ಗೆಳೆಯರೇ, ಇವತ್ತು ಸಿಕಂದರಾಬಾದಿನ ನಮ್ಮ ಆಸ್ಪತ್ರೆಯಲ್ಲಿ ಒಂದು ಬೊಂಬೆಯ ದೆಸೆಯಿಂದ ನಾನು ಬೈಸಿಕೊಂಡೆ.

ನೋವಿನ ಚಿಕಿತ್ಸೆ ಕಲಿಯುವ ಹೊಸ ಡಾಕ್ಟರುಗಳು ಬೆನ್ನಿಗೆ ಸೂಜಿ ಹಾಕುವುದನ್ನು ಮೊದಲು ರಬ್ಬರ್ ಬೊಂಬೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಅವರಿಗೆ ಕಲಿಸುವ ನಾನು ಪಕ್ಕದ ಕೋಣೆಯಲ್ಲಿ ಗಾಜಿನ ಕಿಟಕಿಯ ಹಿಂದೆ ಕುಳಿತು, ಮೈಕಿನಲ್ಲಿ ಬೊಂಬೆಯ ಪರವಾಗಿ ನರಳುತ್ತೇನೆ. ದಿನವೂ ತೆಲುಗಿನಲ್ಲಿ ನರಳುವವನು ಇವತ್ತು ಯಾಕೋ ನನ್ನೂರಿನ ಕನ್ನಡ ಬಾಯಿಗೆ ಬಂದು, "ಅಯ್ಯೋ ಯವ್ವಾ, ಸತ್ತೆ!" ಎಂದುಬಿಟ್ಟೆ. ಸೂಜಿ ಹಿಡಿದಿದ್ದ, ಕನ್ನಡ ಬಾರದ ಡಾಕ್ಟರ್ ಶ್ರಾವಣಿ ಮಾತ್ರ ನಿಲ್ಲಿಸಲಿಲ್ಲ.

ಹೊರಗೆ ನೆಲ ಒರೆಸುತ್ತಿದ್ದ ಯಾದಗಿರಿ ಕಡೆಯ ಶರಣಮ್ಮ ಒಳಗೆ ನುಗ್ಗಿ ಅವಳ ಕೈ ಹಿಡಿದರು.

"ಅಷ್ಟ್ ಒದರಾಕತ್ತಾನ, ಕೇಳಿಸವಲ್ದೇನ್ರಿ? ತಡೀರಿ!"

ಆಮೇಲೆ ಮಂಚದತ್ತ ಬಾಗಿ, "ಭಾಳ ನೋವೈತೇನಪಾ?" ಎಂದು ತಲೆ ಸವರಿದರು. ಅದು ರಬ್ಬರ್ ಎಂದು ಕೈಗೆ ತಿಳಿದದ್ದು ಆಗಲೇ.

ನಾನು ಓಡಿ ಬಂದು ತಪ್ಪಾಯಿತು ಎಂದೆ.

"ಸುಳ್ಳ ಒದರಿದ್ರೇನ್ರೀ ಸಾಹೇಬ್ರ? ನನ್ನ ಎದಿ ಇನ್ನಾ ಹೊಡ್ಕೊಳ್ಳಾಕತ್ತೈತಿ!"

ಶರಣಮ್ಮ ಬೊಂಬೆಗೆ ಏನು ಹೇಳಿದರೆಂದು ಶ್ರಾವಣಿ ನನ್ನನ್ನು ಕೇಳಿ ತಿಳಿದುಕೊಂಡಳು. ಮತ್ತೆ ಸೂಜಿ ಎತ್ತಿದಾಗ, ಚುಚ್ಚುವ ಮೊದಲು ಬಾಗಿ, ತೊದಲುತ್ತಾ "ನೋವು... ಐತೇನಪಾ?" ಎಂದಳು.

ಮತ್ತೆ ಮೈಕಿನ ಮುಂದೆ ಕೂತಿದ್ದ ನಾನು ಉತ್ತರಕ್ಕಾಗಿ ನನ್ನ ಹಾಳೆ ತಿರುವಿದೆ. ಇಷ್ಟು ದಿನ ಬೊಂಬೆಗೆಂದು ನಾನು ಬರೆದುಕೊಂಡಿದ್ದುದು ಬರೀ ಕಿರುಚಾಟ. ಯಾರಾದರೂ ಹೀಗೆ ಕೇಳಿದರೆ ಏನು ಹೇಳಬೇಕೆಂದು ಬರೆದೇ ಇರಲಿಲ್ಲ.